ಸಹಿಗೆ ಮುಂಚೆ ಮತ

2023ರ ಏಪ್ರಿಲ್ ನಡುಭಾಗದಲ್ಲಿ ಏರ್ ಇಂಡಿಯಾ ತನ್ನ ಪೈಲಟ್‌ಗಳ ಮುಂದೆ ಹೊಸ ವೇತನ ಒಪ್ಪಂದ ಇಟ್ಟಿತು. ಟಾಟಾ ಸಮೂಹ ಸಂಸ್ಥೆಯನ್ನು ವಹಿಸಿಕೊಂಡು ಒಂದು ವರ್ಷ ಕಳೆದಿತ್ತು. ಅಲ್ಲಿದ್ದ ಎರಡು ಹಳೆಯ ಪೈಲಟ್ ಸಂಘಗಳು, ಇಂಡಿಯನ್ ಪೈಲಟ್ಸ್ ಗಿಲ್ಡ್ ಮತ್ತು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್, ಸಹಿ ಹಾಕಬೇಡಿ ಎಂದು ಸದಸ್ಯರಿಗೆ ತಿಳಿಸಿದವು. ಆಡಳಿತ ಸಂಘಗಳ ಜೊತೆ ಮೇಜಿಗೆ ಕೂರಲಿಲ್ಲ. ಮಾನ್ಯತೆ ಪಡೆದ ಸಂಘವೇ ಇಲ್ಲ ಎಂಬುದು ಅದರ ನಿಲುವು. ಒಪ್ಪಂದ ಒಬ್ಬೊಬ್ಬ ಪೈಲಟ್‌ಗೂ ಬೇರೆಬೇರೆಯಾಗಿ ಹೋಯಿತು. ಪೈಲಟ್‌ಗಳು ರತನ್ ಟಾಟಾ ಅವರಿಗೆ ಮನವಿ ಬರೆದರು. ವಾರಗಳು ಉರುಳಿದಂತೆ ಒಂದೊಂದಾಗಿ ಸಹಿ ಬೀಳುತ್ತ ಹೋಯಿತು.

ಮರುವರ್ಷ ಅದೇ ಕಥೆ ವಿಸ್ತಾರಾದಲ್ಲಿ. ಏರ್ ಇಂಡಿಯಾ ಜೊತೆಗಿನ ವಿಲೀನಕ್ಕೆ ಸಿದ್ಧತೆಯಾಗಿ ಬಂದ ಹೊಸ ವೇತನ ಪದ್ಧತಿಯಿಂದ ಪೈಲಟ್‌ಗಳು ಬೇಸತ್ತರು. 2024ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ ಹುಷಾರಿಲ್ಲವೆಂದು ರಜೆ ಹಾಕಿದವರು ಹೆಚ್ಚಾದರು, ವಿಮಾನಗಳು ರದ್ದಾದವು, ಸಂಸ್ಥೆ ತನ್ನ ಹಾರಾಟವನ್ನು ಶೇ 10ರಷ್ಟು ಇಳಿಸಬೇಕಾಯಿತು. ಆದರೆ ಅದೇ ಹೊತ್ತಿಗೆ ಶೇ 98ರಷ್ಟು ಪೈಲಟ್‌ಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ ಎಂದು ಸಂಸ್ಥೆ ಹೇಳಿತು. ನೂರಕ್ಕೆ 98 ಜನ ಒಪ್ಪಿದ ಪ್ರಸ್ತಾವಕ್ಕೆ ಅಷ್ಟು ಜನ ಏಕೆ ಹಾಸಿಗೆ ಹಿಡಿದರು? ಸಹಿ ಬೇರೆ, ಸಮ್ಮತಿ ಬೇರೆ ಎಂಬುದನ್ನು ಈ ಒಂದು ತಿಂಗಳು ಎತ್ತಿ ತೋರಿಸಿತು. ಈ ಲೇಖನದ ಪ್ರಶ್ನೆ ಅದೇ. ಸಂಬಳ ಮತ್ತು ಸೇವಾ ಷರತ್ತಿನ ಪ್ರಸ್ತಾವ ಬಂದಾಗ ಅದನ್ನು ಒಪ್ಪುವ ಹಕ್ಕು ಯಾರದ್ದು? ಆಡಳಿತದ ಜೊತೆ ಮಾತಾಡಿದ ಸಂಘದ ಪದಾಧಿಕಾರಿಗಳದ್ದೋ, ಒಂಟಿಯಾಗಿ ಸಹಿ ಹಾಕುವ ನೌಕರನದ್ದೋ, ಅಥವಾ ಎಲ್ಲರೂ ಸೇರಿ ಹಾಕುವ ಮತದ್ದೋ?

ಏರ್ ಇಂಡಿಯಾ ಪ್ರಸ್ತಾವದ ಒಳಗೇನಿತ್ತು ಎಂದು ಹತ್ತಿರದಿಂದ ನೋಡಬೇಕು. ಪೈಲಟ್ ಸಂಬಳದಲ್ಲಿ ಒಂದು ಭಾಗ ಸ್ಥಿರ, ಇನ್ನೊಂದು ಭಾಗ ಹಾರಿದ ಗಂಟೆಗೆ ಇಷ್ಟು ಎಂಬ ಭತ್ಯೆ. ತಿಂಗಳಿಗೆ ಎಷ್ಟು ಗಂಟೆ ಹಾರಬೇಕೆಂದು ಪೈಲಟ್ ತೀರ್ಮಾನಿಸುವುದಿಲ್ಲ, ರೋಸ್ಟರ್ ತೀರ್ಮಾನಿಸುತ್ತದೆ. ಆ ತಿಂಗಳು ವಿಮಾನ ದುರಸ್ತಿಗೆ ನಿಂತಿರಬಹುದು, ಸಿಮ್ಯುಲೇಟರ್ ತರಬೇತಿ ಬಿದ್ದಿರಬಹುದು, ಮಂಜು ಕವಿದಿರಬಹುದು. ಅದಕ್ಕಾಗಿಯೇ ‘ಹಾರಿದರೂ ಹಾರದಿದ್ದರೂ ಕನಿಷ್ಠ ಇಷ್ಟು ಗಂಟೆಯ ಭತ್ಯೆ ಖಾತ್ರಿ’ ಎಂಬ ಷರತ್ತು. ಕೋವಿಡ್‌ಗೆ ಮುಂಚೆ ಇದ್ದ 70 ಗಂಟೆಯ ಖಾತ್ರಿ ಹೊಸ ಒಪ್ಪಂದದಲ್ಲಿ 40 ಗಂಟೆಗೆ ಇಳಿಯಿತು. ಒಬ್ಬಾತ 50 ಗಂಟೆ ಹಾರಿದ ತಿಂಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ. ಹಳೆಯ ಪದ್ಧತಿಯಲ್ಲಿ 70 ಗಂಟೆಯ ಹಣ, ಹೊಸದರಲ್ಲಿ 50 ಗಂಟೆಯದು. 80 ಗಂಟೆ ಹಾರಿದರೆ ಈ ಖಾತ್ರಿಯಿಂದ ಯಾವ ವ್ಯತ್ಯಾಸವೂ ಬೀಳುವುದಿಲ್ಲ. ಅಂದರೆ ವ್ಯಾಪಾರ ಚೆನ್ನಾಗಿದ್ದಾಗ ಸಂಸ್ಥೆಗೂ ಪೈಲಟ್‌ಗೂ ಸಮ, ಮಂಕಾದಾಗ ಹೊರೆ ಪೈಲಟ್ ಹೆಗಲಿಗೆ. ಗೃಹಸಾಲದ ಕಂತು ಕಟ್ಟುವ ಕೋ-ಪೈಲಟ್‌ಗೆ ಈ 30 ಗಂಟೆಯ ಅಂತರ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಅಪಾಯವೂ ಇದೆ. ಖಾತ್ರಿ ಕಡಿಮೆಯಾದಷ್ಟೂ ಹೆಚ್ಚು ಹಾರುವ ಆಸೆ ಬೆಳೆಯುತ್ತದೆ. ಮೈ ಬಗ್ಗದ ದಿನವೂ ‘ಆಗಲ್ಲ’ ಎನ್ನಲು ನಾಲಿಗೆ ತಡವರಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಷರತ್ತು ಮತ್ತೊಂದಿತ್ತು. ಕಮಾಂಡರ್ ಆಗಿ ಕೆಲವು ವರ್ಷ ಕಳೆದವರನ್ನು ‘ಸೀನಿಯರ್ ಕಮಾಂಡರ್’ ಎಂದು ಕರೆದು ಆಡಳಿತ ವರ್ಗಕ್ಕೆ ಸೇರಿಸುವುದು. ಹುದ್ದೆಯ ಹೆಸರು ದೊಡ್ಡದಾಯಿತು, ಸಂಬಳವೂ ಸ್ವಲ್ಪ ಏರಿತು. ಆದರೆ ಆಡಳಿತ ವರ್ಗಕ್ಕೆ ಸೇರಿದವನು ಕಾರ್ಮಿಕ ಸಂಘದಲ್ಲಿ ಉಳಿಯುವುದು ಹೇಗೆ? ಅನುಭವಿಗಳು, ಧೈರ್ಯವಾಗಿ ಮಾತಾಡಬಲ್ಲವರು ಇಡೀ ತಂಡವಾಗಿ ಸಂಘದಿಂದ ಹೊರಗೆ ಬೀಳುತ್ತಾರೆ. ಸಂಘಗಳು ಹಣಕ್ಕಿಂತ ಇದಕ್ಕೇ ಹೆಚ್ಚು ಹೆದರಿದ್ದು, ಮತ್ತು ಆ ಹೆದರಿಕೆ ಸರಿಯಾಗಿಯೇ ಇತ್ತು ಎಂದು ನನಗನಿಸುತ್ತದೆ. ಒಂಟಿಯಾಗಿ ಓದುವವನ ಕಣ್ಣಿಗೆ ಇಂಥ ಷರತ್ತು ಬಡ್ತಿಯಂತೆ ಕಾಣುತ್ತದೆ. ಹತ್ತು ಜನ ಕೂತು ಓದಿದರೆ ಮಾತ್ರ ಅದರ ಇನ್ನೊಂದು ಮಗ್ಗುಲು ತಿಳಿಯುವುದು.

ಅಮೆರಿಕ, ಕೆನಡಾಗಳಲ್ಲಿ ನಡೆಯುವ ಕ್ರಮ ಬೇರೆ. ಸಂಘದ ಮಾತುಕತೆ ತಂಡ ಮತ್ತು ಸಂಸ್ಥೆ ಮೊದಲು ತಾತ್ಕಾಲಿಕ ಒಪ್ಪಂದಕ್ಕೆ ಬರುತ್ತವೆ. ಅದು ಸಂಘದ ಚುನಾಯಿತ ಮಂಡಳಿಗೆ ಹೋಗುತ್ತದೆ. ಸದಸ್ಯರ ಮುಂದಿಡಲು ಯೋಗ್ಯ ಎಂದು ಮಂಡಳಿ ಒಪ್ಪಿದರೆ ಪೂರ್ತಿ ಪಠ್ಯ ಎಲ್ಲ ಪೈಲಟ್‌ಗಳಿಗೂ ಸಿಗುತ್ತದೆ. ತಂಡದವರು ಊರೂರಿನ ನೆಲೆಗಳಿಗೆ ಹೋಗಿ ಸಭೆ ನಡೆಸುತ್ತಾರೆ. ಪಿಂಚಣಿ ಕಲಮು, ರಾತ್ರಿ ಪಾಳಿಯ ಕಲಮು, ಮನೆಯಲ್ಲಿ ಕಾದು ಕೂರುವ ಮೀಸಲು ದಿನಗಳ ಕಲಮು, ಹೀಗೆ ಒಂದೊಂದನ್ನೂ ಹಿಡಿದು ಪೈಲಟ್‌ಗಳು ಪ್ರಶ್ನೆ ಕೇಳುತ್ತಾರೆ. ಕೆಲವು ವಾರ ಇದೆಲ್ಲ ಆದ ಮೇಲೆ ಮತ. 2023ರ ಮಾರ್ಚಿನಲ್ಲಿ ಡೆಲ್ಟಾ ಪೈಲಟ್‌ಗಳು ಹೀಗೆ ಶೇ 78ರ ಬಹುಮತದಿಂದ ಒಪ್ಪಂದ ಅಂಗೀಕರಿಸಿದರು. ಅದೇ ವರ್ಷ ಜುಲೈನಲ್ಲಿ ಫೆಡೆಕ್ಸ್ ಪೈಲಟ್‌ಗಳಲ್ಲಿ ಶೇ 57ರಷ್ಟು ಮಂದಿ ತಮ್ಮದೇ ನಾಯಕರು ತಂದ ಒಪ್ಪಂದವನ್ನು ತಿರಸ್ಕರಿಸಿದರು.

ತಿರಸ್ಕಾರಕ್ಕೂ ಬೆಲೆ ತೆರಬೇಕು. ಫೆಡೆಕ್ಸ್‌ನಲ್ಲಿ ಆಮೇಲೆ ಮಾತುಕತೆ ವರ್ಷಗಟ್ಟಲೆ ಎಳೆಯಿತು, ಕೈಗೆ ಬಂದಿದ್ದ ಏರಿಕೆ ದೂರ ಸರಿಯಿತು. ಬೇಡ ಎಂದವರು ಆ ನಷ್ಟವನ್ನು ಗೊತ್ತಿದ್ದೇ ಹೊತ್ತರು. ಏರ್ ಕೆನಡಾದ್ದು ಇನ್ನೊಂದು ಪಾಠ. 2024ರ ಸೆಪ್ಟೆಂಬರ್‌ನಲ್ಲಿ ಹಾರಾಟ ನಿಲ್ಲುವ ಅಂಚಿನಲ್ಲಿ ಒಪ್ಪಂದವಾಯಿತು. ನಾಲ್ಕು ವರ್ಷಕ್ಕೆ ಸೇರಿ ಸುಮಾರು ಶೇ 42ರ ಏರಿಕೆ. ಆದರೂ ಅಕ್ಟೋಬರ್‌ನಲ್ಲಿ ಮತ ಎಣಿಸಿದಾಗ ಪರವಾಗಿ ಬಿದ್ದದ್ದು ಶೇ 67 ಮಾತ್ರ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಸಂಬಳ ತೀರಾ ಕಡಿಮೆ ಉಳಿಯಿತು ಎಂಬ ಕೊರಗು ಕಿರಿಯರಲ್ಲಿತ್ತು. ಈ ಮೂರನೇ ಒಂದು ಭಾಗದ ವಿರೋಧ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅದು ಅಂಕಿಯಾಗಿ ದಾಖಲಾಯಿತು. ಮುಂದಿನ ಮಾತುಕತೆಗೆ ಕೂರುವವರು ಅದನ್ನು ಕಾಣದಂತೆ ನಟಿಸಲಾರರು. ನಮ್ಮಲ್ಲಿ ಅದೇ ಅಸಮಾಧಾನ ಹುಷಾರಿಲ್ಲದ ರಜೆಯಾಗಿ, ರಾಜೀನಾಮೆಯಾಗಿ, ವಾಟ್ಸ್ಆ್ಯಪ್ ಗೊಣಗಾಟವಾಗಿ ಹೊರಬರುತ್ತದೆ. ಅದನ್ನು ಎಣಿಸುವವರಿಲ್ಲ.

ಭಾರತದ ಪೈಲಟ್ ಹೋರಾಟಗಳ ಚರಿತ್ರೆ ಓದಿದರೆ ಬರೀ ಮುಷ್ಕರಗಳೇ ಕಣ್ಣಿಗೆ ಬೀಳುತ್ತವೆ. 1992ರ ಕೊನೆಯಲ್ಲಿ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಕೆಲಸ ನಿಲ್ಲಿಸಿದಾಗ ಸಂಸ್ಥೆ ಹೊರದೇಶದ ವಿಮಾನಗಳನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತಂದಿತು. 1993ರ ಜನವರಿ 9ರಂದು ಅಂಥದೊಂದು ಉಜ್ಬೇಕಿಸ್ತಾನದ ಟುಪೊಲೆವ್-154 ಹೈದರಾಬಾದಿನಿಂದ ಬಂದು ದೆಹಲಿಯಲ್ಲಿ ಇಳಿಯುವಾಗ ಉರುಳಿಬಿತ್ತು. ಒಳಗಿದ್ದ 165 ಜನರೂ ಬದುಕುಳಿದದ್ದು ಪುಣ್ಯ. 2009ರ ಸೆಪ್ಟೆಂಬರ್‌ನಲ್ಲಿ ಜೆಟ್ ಏರ್‌ವೇಸ್‌ನವರು ಸಂಘ ಕಟ್ಟಿದ್ದಕ್ಕಾಗಿ ಸಹೋದ್ಯೋಗಿಗಳನ್ನು ವಜಾ ಮಾಡಿದರೆಂದು ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದರು. 2011ರಲ್ಲಿ ಹಿಂದಿನ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ವೇತನಕ್ಕಾಗಿ ಹತ್ತು ದಿನ ಮುಷ್ಕರ ನಡೆಸಿದರು. ಮರುವರ್ಷ ಹಿಂದಿನ ಏರ್ ಇಂಡಿಯಾ ಪೈಲಟ್‌ಗಳು, ಡ್ರೀಮ್‌ಲೈನರ್ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್‌ನವರ ಜೊತೆ ಹಂಚಿಕೊಳ್ಳುವುದಿಲ್ಲವೆಂದು 58 ದಿನ ಮುಷ್ಕರ ಹೂಡಿದರು. ಎರಡು ಸಂಸ್ಥೆಗಳು ಒಂದಾಗಿ ಐದು ವರ್ಷವಾಗಿತ್ತು, ಪೈಲಟ್‌ಗಳು ಒಂದಾಗಿರಲಿಲ್ಲ. ನೂರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡು, ಕೊನೆಗೆ ನ್ಯಾಯಾಲಯದ ಬಾಗಿಲಲ್ಲಿ ಅದು ಮುಗಿಯಿತು. ಅಷ್ಟು ದಿನದ ಹಟದಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ನಮ್ಮ ಬೆಂಗಳೂರಿನ ಉದಾಹರಣೆ ಇವೆಲ್ಲಕ್ಕಿಂತ ನೋವಿನದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಅನ್ನು ಕೊಂಡ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಹೊತ್ತಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ. ಅಕ್ಟೋಬರ್ ಮೊದಲ ದಿನಗಳಿಂದ ಹಾರಾಟ ನಿಂತಿತು, 20ರಂದು ಪರವಾನಗಿ ಅಮಾನತಾಯಿತು. ಅದಾದ ಐದೇ ದಿನಕ್ಕೆ ಆಡಳಿತ ಒಂದು ಪ್ರಸ್ತಾವ ತಂದಿತು. ಬಾಕಿಯಲ್ಲಿ ಕೆಲವು ತಿಂಗಳದ್ದನ್ನು ದೀಪಾವಳಿಯೊಳಗೆ ಕಂತಿನಲ್ಲಿ ಕೊಡುತ್ತೇವೆ, ಕೆಲಸಕ್ಕೆ ಬನ್ನಿ ಎಂದು. ಎಂಜಿನಿಯರರೂ ಪೈಲಟ್‌ಗಳೂ ಒಪ್ಪಿದರು. ಹಾರಲು ಪರವಾನಗಿಯೇ ಇಲ್ಲದ ಸಂಸ್ಥೆಯ ಮಾತನ್ನು ನಂಬಿದರಲ್ಲ ಎಂದು ಇವತ್ತು ಅನ್ನುವುದು ಸುಲಭ. ಮಕ್ಕಳ ಶಾಲೆಯ ಶುಲ್ಕ ಬಾಕಿ ಇರುವ ಮನೆಯಲ್ಲಿ ಹಬ್ಬದ ಮುಂಚೆ ಒಂದು ತಿಂಗಳ ಸಂಬಳ ಎಂದರೆ ಏನೆಂದು ಆ ಮನೆಯವರೇ ಬಲ್ಲರು. ಕಿಂಗ್‌ಫಿಶರ್ ಮತ್ತೆ ಹಾರಲಿಲ್ಲ. 2019ರಲ್ಲಿ ಜೆಟ್ ಪೈಲಟ್‌ಗಳ ಸಂಘ ಸಭೆ ಸೇರಿ ‘ಏಪ್ರಿಲ್ 1ರಿಂದ ಸಂಬಳವಿಲ್ಲದೆ ಹಾರುವುದಿಲ್ಲ’ ಎಂದು ತೀರ್ಮಾನಿಸಿತು, ಆಮೇಲೆ ಸಂಸ್ಥೆ ಉಳಿಯಲಿ ಎಂದು ಗಡುವು ಮುಂದೂಡಿತು. ಏಪ್ರಿಲ್ 17ರಂದು ಜೆಟ್ ಹಾರಾಟ ನಿಂತೇಹೋಯಿತು. ಮತ ಇದ್ದ ಮಾತ್ರಕ್ಕೆ ಮುಳುಗುವ ಸಂಸ್ಥೆ ತೇಲುವುದಿಲ್ಲ, ನಿಜ. ಮತಕ್ಕೆ ಬಲ ಬರುವುದು ಸಂಸ್ಥೆ ಗಟ್ಟಿಯಾಗಿದ್ದಾಗ. ನಮ್ಮಲ್ಲಿ ಪೈಲಟ್‌ಗಳು ಒಟ್ಟಿಗೆ ಕೂತು ಯೋಚಿಸಿದ್ದೆಲ್ಲ ಬಹುಪಾಲು ಕೆಟ್ಟ ಕಾಲದಲ್ಲೇ.

ಒಪ್ಪಂದದ ಈ ಪ್ರಶ್ನೆ ಪೈಲಟ್‌ಗಳದ್ದಷ್ಟೇ ಅಲ್ಲ, ಹೊಸದೂ ಅಲ್ಲ. ಕಾಶಿಗೆ ಹೋದ ಕನ್ನಡಿಗರಿಗೆ ಹನುಮಾನ್ ಘಾಟ್, ಹರಿಶ್ಚಂದ್ರ ಘಾಟ್‌ಗಳ ನಡುವೆ ಕರ್ನಾಟಕ ಘಾಟ್ ಇರುವುದು ಗೊತ್ತು. ಅಲ್ಲಿಂದ ದಕ್ಷಿಣಕ್ಕೆ, ಅಸಿಯ ಕಡೆಗೆ, ಕೆಲವೇ ನಿಮಿಷ ನಡೆದರೆ ಶಿವಾಲ. ಅಲ್ಲಿ ನದಿಗೆ ಎದೆಯೊಡ್ಡಿ ನಿಂತಿರುವ ಚೇತ್ ಸಿಂಗ್ ಕೋಟೆಯ ಗೋಡೆ ನೋಡಿದಾಗಲೆಲ್ಲ ನನಗೆ ಒಪ್ಪಂದದ ಪ್ರಶ್ನೆ ನೆನಪಾಗುತ್ತದೆ. 1775ರಲ್ಲಿ ಬನಾರಸ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ರಾಜ ಚೇತ್ ಸಿಂಗ್ ವರ್ಷಕ್ಕೆ ಸುಮಾರು 22.5 ಲಕ್ಷ ರೂಪಾಯಿ ಕಪ್ಪ ಕಟ್ಟುವುದೆಂದೂ ಅದಕ್ಕಿಂತ ಹೆಚ್ಚು ಕೇಳುವುದಿಲ್ಲವೆಂದೂ ಮಾತಾಗಿತ್ತು. 1778ರಲ್ಲಿ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಯುದ್ಧದ ಖರ್ಚಿಗೆಂದು ಇನ್ನೂ 5 ಲಕ್ಷ ಕೇಳಿದ. ಮರುವರ್ಷ ಮತ್ತೆ, ಅದರ ಮರುವರ್ಷ ಮತ್ತೆ, ಆಮೇಲೆ ಕುದುರೆ ಪಡೆ. 1781ರ ಆಗಸ್ಟ್‌ನಲ್ಲಿ ಹೇಸ್ಟಿಂಗ್ಸ್ ತಾನೇ ಬಂದು ಶಿವಾಲದ ಈ ಅರಮನೆಯಲ್ಲಿ ರಾಜನನ್ನು ಕಾವಲಿನಲ್ಲಿಟ್ಟ. ಜನ ದಂಗೆಯೆದ್ದರು, ಕಾವಲಿದ್ದ ಸಿಪಾಯಿಗಳು ಸತ್ತರು, ರಾಜ ಪೇಟಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು ದೋಣಿ ಹತ್ತಿ ಪಾರಾದ. ಹೇಸ್ಟಿಂಗ್ಸ್ ಮೇಲೆ ಲಂಡನ್ನಿನ ಸಂಸತ್ತಿನಲ್ಲಿ ನಡೆದ ವಿಚಾರಣೆಯಲ್ಲಿ ಬನಾರಸಿನ ಈ ಪ್ರಕರಣ ದೊಡ್ಡ ಆರೋಪವಾಗಿತ್ತು. ಬಲವುಳ್ಳವನು ಒಪ್ಪಂದವನ್ನು ಒಮ್ಮುಖವಾಗಿ ತಿದ್ದಬಹುದೇ ಎಂಬ ಪ್ರಶ್ನೆಗೆ ಈ ಘಾಟಿನಷ್ಟು ಹಳೆಯ ಸಾಕ್ಷಿ ಬೇರೆಡೆ ಸಿಗುವುದು ಕಷ್ಟ.

ಅದೇ ಮೆಟ್ಟಿಲುಗಳ ಕೆಳಗೆ ಇವತ್ತು ದೋಣಿ ಕಟ್ಟುವ ನಿಷಾದರು, ಮಲ್ಲಾಹರು ಕೂಡ ಪ್ರಸ್ತಾವಗಳನ್ನು ತೂಗಿ ನೋಡುತ್ತಲೇ ಬಂದಿದ್ದಾರೆ. ಯಾವ ಘಾಟಿನಲ್ಲಿ ಯಾವ ಮನೆತನದ ದೋಣಿ ನಿಲ್ಲಬೇಕು, ಯಾತ್ರಿಕರನ್ನು ಕೂರಿಸಿಕೊಳ್ಳುವ ಸರದಿ ಯಾರದ್ದು ಎಂಬುದು ಅವರಲ್ಲಿ ರೂಢಿಯಿಂದ ಬಂದ ಹಕ್ಕು. 2018ರಲ್ಲಿ ಅಲಕನಂದಾ ಕ್ರೂಸ್ ಗಂಗೆಗೆ ಇಳಿದಾಗ ತಮ್ಮ ಹೊಟ್ಟೆಪಾಡು ಹೋಗುತ್ತದೆಂದು ಅವರು ಪ್ರತಿಭಟಿಸಿದರು. ಆಮೇಲೆ ಡೀಸೆಲ್ ಎಂಜಿನ್ ತೆಗೆದು ಸಿಎನ್‌ಜಿ ಎಂಜಿನ್ ಕೂರಿಸಿಕೊಳ್ಳಿ, ಖರ್ಚು ಗೇಲ್ ಸಂಸ್ಥೆಯದ್ದು ಎಂಬ ಯೋಜನೆ ಬಂತು. ಹೊಗೆಯಿಲ್ಲ, ಸದ್ದು ಕಡಿಮೆ, ಇಂಧನ ಅಗ್ಗ. ಆದರೆ ಮೊದಲು ಶುರುವಾದ ತೇಲುವ ಇಂಧನ ಕೇಂದ್ರ ನಗರದ ಆ ತುದಿಯ ನಮೋ ಘಾಟ್‌ನಲ್ಲಿ. ಶಿವಾಲದವನು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬೆಳಗಿನ ಒಂದು ಸವಾರಿ ಕೈತಪ್ಪುತ್ತಿತ್ತು. ಇಂಥ ತೊಡಕು ಘಾಟಿನಲ್ಲಿ ಕೂತು ಮಾತಾಡಿಕೊಳ್ಳುವವರಿಗೆ ಬೇಗ ಹೊಳೆಯುತ್ತದೆ. ಅವರಿಗೆ ಮತಪೆಟ್ಟಿಗೆ ಇಲ್ಲ, ಆದರೆ ಒಬ್ಬರ ಮುಖ ಒಬ್ಬರು ನೋಡುವ ಜಾಗವಿದೆ. ಬೇರೆಬೇರೆ ಊರಿನ ಹೋಟೆಲುಗಳಲ್ಲಿ ಮಲಗಿ, ಹಗಲು ರಾತ್ರಿ ಬೇರೆಬೇರೆ ಪಾಳಿಯಲ್ಲಿ ಹಾರುವ ಪೈಲಟ್‌ಗಳಿಗೆ ಆ ಜಾಗವೇ ಇಲ್ಲ.

ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ಹೋಗಲಿ ಎನ್ನುವವರಿದ್ದಾರೆ. ಹೋಗುವುದು ಅಷ್ಟು ಸಲೀಸಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2017ರಲ್ಲಿ ತಂದ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು. 2023ರಲ್ಲಿ ನೋಟಿಸ್ ಅವಧಿ ಮುಗಿಸದೆ ಹೊರಟ ಪೈಲಟ್‌ಗಳ ಮೇಲೆ ಆಕಾಸ ಏರ್ ಬಾಂಬೆ ಹೈಕೋರ್ಟಿಗೆ ಹೋಯಿತು. ಸಂಸ್ಥೆಗೂ ಕಷ್ಟವಿದೆ, ಹೇಳದೆ ಹೋದರೆ ವಿಮಾನ ರದ್ದಾಗುತ್ತದೆ. ಆದರೆ ಷರತ್ತು ಬದಲಿಸಲು ಆಡಳಿತಕ್ಕೆ ಒಂದು ಇಮೇಲ್ ಸಾಕು, ಬದಲಾದ ಷರತ್ತಿನಿಂದ ಹೊರಬರಲು ನೌಕರನಿಗೆ ಒಂದು ವರ್ಷ ಬೇಕು ಎಂದಾದರೆ ತಕ್ಕಡಿ ಎತ್ತ ವಾಲಿದೆ ಎಂಬುದು ಸ್ಪಷ್ಟ.

ಕಾನೂನು ಏನನ್ನುತ್ತದೆ? ಸಂಘ ಕಟ್ಟುವ ಹಕ್ಕನ್ನು 1926ರ ಟ್ರೇಡ್ ಯೂನಿಯನ್ ಕಾಯ್ದೆ ಕೊಟ್ಟಿತು. ಆ ಸಂಘಕ್ಕೆ ಮಾನ್ಯತೆ ಕೊಡಲೇಬೇಕೆಂದು ಮಾಲೀಕನಿಗೆ ಹೇಳಲಿಲ್ಲ. ಲಕ್ಷಗಟ್ಟಲೆ ಸಂಬಳದ ಪೈಲಟ್ ಕಾರ್ಮಿಕನೇ ಎಂಬ ಪ್ರಶ್ನೆಯೂ ಪದೇಪದೇ ಏಳುತ್ತಿತ್ತು. ಪೈಲಟ್ ಕೂಡ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನೇ ಎಂದು ದೆಹಲಿ ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಮೊದಲ ಸಲ ಮಾತುಕತೆಯ ಸಂಘಕ್ಕೆ ದೇಶವ್ಯಾಪಿ ಅಳತೆ ಕೊಟ್ಟಿದೆ. ಹಾಜರಿಪಟ್ಟಿಯ ಶೇ 51ರಷ್ಟು ಸದಸ್ಯರಿರುವ ಸಂಘವೇ ಮಾತುಕತೆಯ ಸಂಘ. ಇದು ಒಳ್ಳೆಯ ಹೆಜ್ಜೆ. ಆದರೆ ಅದೇ ಸಂಹಿತೆಯ ಪ್ರಕಾರ ಅರ್ಧಕ್ಕರ್ಧ ನೌಕರರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ, ಮುಂಚಿತ ನೋಟಿಸ್ ಇಲ್ಲದ ಮುಷ್ಕರ ಅಕ್ರಮ. ಅಂದರೆ ವಿಸ್ತಾರಾ ಪೈಲಟ್‌ಗಳು ಹಿಡಿದಂಥ ಮೂಕ ದಾರಿಯೂ ಕಿರಿದಾಯಿತು. ಅದರ ಬದಲಿಗೆ ಬಾಯಿಬಿಟ್ಟು ‘ಹೌದು’, ‘ಬೇಡ’ ಎನ್ನುವ ದಾರಿ ತೆರೆಯಬೇಕಿತ್ತು. ಸಂಘ ಒಪ್ಪಿಕೊಂಡದ್ದನ್ನು ಸದಸ್ಯರ ಮತಕ್ಕೆ ಹಾಕಬೇಕೆಂಬ ಮಾತು ಸಂಹಿತೆಯಲ್ಲಿ ಇಲ್ಲ.

ಮತ ಎಂದರೆ ನಮಗೆ ಹೊಸದೇನಲ್ಲ. ಬನಾರಸಿನ ರೈಲ್ವೆ ಎಂಜಿನ್ ಕಾರ್ಖಾನೆಯೂ ಸೇರಿದಂತೆ ಇಡೀ ರೈಲ್ವೆಯಲ್ಲಿ ಹಳೆಯ ಪಿಂಚಣಿಗಾಗಿ ಮುಷ್ಕರ ಹೂಡಬೇಕೇ ಎಂದು 2023ರ ನವೆಂಬರ್‌ನಲ್ಲಿ ಗುಪ್ತ ಮತದಾನ ನಡೆಯಿತು. ಮುಷ್ಕರವಾಗಲಿಲ್ಲ. ಮರುವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಏಕೀಕೃತ ಪಿಂಚಣಿ ಯೋಜನೆ ಪ್ರಕಟಿಸಿತು. ಆ ಯೋಜನೆ ಒಪ್ಪಿಗೆಯೇ ಎಂದು ಮಾತ್ರ ಯಾರೂ ಮತ ಕೇಳಲಿಲ್ಲ. ಜಗಳಕ್ಕೆ ಮತ, ರಾಜಿಗೆ ಮತವಿಲ್ಲ. ಕರ್ನಾಟಕದ ಸಾರಿಗೆ ನೌಕರರ ಕಥೆಯೂ ಅಷ್ಟೇ. 2021ರ ಏಪ್ರಿಲ್‌ನಲ್ಲಿ ಸರ್ಕಾರ ಶೇ 8ರ ಏರಿಕೆಗೆ ಸಿದ್ಧ ಎಂದಿತು, ಆರನೇ ವೇತನ ಆಯೋಗದ ಸಂಬಳವೇ ಬೇಕೆಂದು ನೌಕರರ ಕೂಟ ಎರಡು ವಾರ ಬಸ್ ನಿಲ್ಲಿಸಿತು. ವಜಾ, ವರ್ಗಾವಣೆಗಳ ಪೆಟ್ಟು ತಿಂದವರು ಚಾಲಕರು, ನಿರ್ವಾಹಕರು. 2023ರ ಮಾರ್ಚ್‌ನಲ್ಲಿ ಬಂದದ್ದು ಶೇ 15. ಅದರ 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಬಸ್ ನಿಂತವು. ಆ ಶೇ 8ನ್ನು ಡಿಪೊ ಡಿಪೊಗಳಲ್ಲಿ ಮತಕ್ಕೆ ಹಾಕಿದ್ದರೆ ಫಲಿತಾಂಶ ಏನಾಗುತ್ತಿತ್ತೋ ಹೇಳಲಾರೆ. ಬೀದಿಗಿಳಿಯುವ ತೀರ್ಮಾನವಾದರೂ ಪೆಟ್ಟು ತಿನ್ನುವವರ ಕೈಯಲ್ಲೇ ಇರುತ್ತಿತ್ತು.

ಮತಕ್ಕೆ ವಿರುದ್ಧವಾದ ವಾದಗಳಲ್ಲಿ ಎರಡು ಗಟ್ಟಿಯಾದವು. ಒಂದು, ಮತ ಬಂದರೆ ಮಾತುಕತೆ ತಂಡದ ಮಾತಿಗೆ ಕಿಮ್ಮತ್ತಿರುವುದಿಲ್ಲ. ಆಡಳಿತ ತನ್ನ ಕೊನೆಯ ರೂಪಾಯಿಯನ್ನು ಎರಡನೇ ಸುತ್ತಿಗೆ ಬಚ್ಚಿಡುತ್ತದೆ. ಇದರಲ್ಲಿ ಹುರುಳಿದೆ. ಆದರೆ ಸದಸ್ಯರು ಒಪ್ಪುವಂಥದ್ದನ್ನು ಮಾತ್ರ ತರಬೇಕೆಂಬ ಎಚ್ಚರ ತಂಡಕ್ಕೂ ಆಡಳಿತಕ್ಕೂ ಇದರಿಂದಲೇ ಹುಟ್ಟುತ್ತದೆ. ಇನ್ನೊಂದು, ಸಂಖ್ಯೆ ಹೆಚ್ಚಿರುವವರು ಕಡಿಮೆ ಇರುವವರನ್ನು ತುಳಿಯುತ್ತಾರೆ. ಇದು ಹೆಚ್ಚು ಗಂಭೀರ. ಹಿರಿಯರ ಪಿಂಚಣಿಗಾಗಿ ಕಿರಿಯರ ಸಂಬಳ ಕತ್ತರಿಸುವ ಒಪ್ಪಂದ ಬಹುಮತದಿಂದಲೇ ಗೆಲ್ಲಬಹುದು. ಇದಕ್ಕೆ ಪೂರ್ತಿ ಮದ್ದು ಮತದಲ್ಲಿ ಇಲ್ಲ. ಮತಕ್ಕೆ ಮುಂಚಿನ ಸಭೆಗಳಲ್ಲಿ ಕಿರಿಯರ ದನಿಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದರಲ್ಲಿ ಅಷ್ಟಿಷ್ಟು ಇದೆ.

ಪ್ರಯಾಣಿಕನಿಗೆ ಇದರಲ್ಲೇನು ಕೆಲಸ ಎಂದು ಕೇಳುವವರು 2025ರ ಡಿಸೆಂಬರ್ ಮೊದಲ ವಾರವನ್ನು ನೆನೆಯಬೇಕು. ಪೈಲಟ್‌ಗಳ ದಣಿವು ತಗ್ಗಿಸಲು ಮಹಾನಿರ್ದೇಶನಾಲಯ 2024ರ ಜನವರಿಯಲ್ಲೇ ಹೊಸ ನಿಯಮ ಹೊರಡಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಬೇಕು, ರಾತ್ರಿ ಲ್ಯಾಂಡಿಂಗ್‌ಗಳು ಆರರಿಂದ ಎರಡಕ್ಕೆ ಇಳಿಯಬೇಕು. ಜಾರಿ ಮುಂದೂಡುತ್ತ ಬಂದು, ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿನಲ್ಲಿ ಬೆನ್ನುಹತ್ತಿದ ಮೇಲೆ ಅರ್ಧ 2025ರ ಜುಲೈ 1ರಿಂದ, ಉಳಿದದ್ದು ನವೆಂಬರ್ 1ರಿಂದ ಜಾರಿಯಾಯಿತು. ದೇಶದೊಳಗಿನ ಹಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿರುವ ಇಂಡಿಗೊ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು. ಬೆಂಗಳೂರು ನಿಲ್ದಾಣದಲ್ಲಿ ಜನ ಸೂಟ್‌ಕೇಸುಗಳ ಮೇಲೆ ಮಲಗಿದರು. ಕೊನೆಗೆ ಸಡಿಲಿಸಿದ್ದು ರಾತ್ರಿ ಹಾರಾಟದ ನಿಯಮವನ್ನೇ. ಸಂಸ್ಥೆಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು. ನಿದ್ದೆಯ ಗಂಟೆಗಳನ್ನು ಕೊಟ್ಟು ವೇಳಾಪಟ್ಟಿ ಉಳಿಸಿಕೊಂಡ ಆ ತೀರ್ಮಾನದಲ್ಲಿ, ಆ ನಿದ್ದೆ ಯಾರದ್ದೋ ಅವರಿಗೆ ಮತವಿರಲಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟು ಮಂಜು ಕವಿದ ಕಾಶಿಯ ಬಾಬತ್‌ಪುರ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನದಲ್ಲಿ ನನ್ನ ನಿಮ್ಮ ತಂದೆತಾಯಿ ಕಾಶಿಗೆ ಹೊರಟಿರುತ್ತಾರೆ. ಕಾಕ್‌ಪಿಟ್‌ನಲ್ಲಿ ಕೂತವರ ವಿಶ್ರಾಂತಿ ಅವರ ಕ್ಷೇಮವೂ ಹೌದು.

ಸಂಹಿತೆಯಲ್ಲಿ ಇಲ್ಲದ್ದನ್ನು ಸಂಘಗಳು ತಾವೇ ಮಾಡಿಕೊಳ್ಳಲು ಅಡ್ಡಿಯಿಲ್ಲ. ನೋಂದಾಯಿತ ಸಂಘ ತನ್ನ ನಿಯಮಾವಳಿಯನ್ನು ಸರ್ವಸದಸ್ಯರ ಸಭೆಯಲ್ಲಿ ತಿದ್ದಿಕೊಳ್ಳಬಹುದು. ಸೇವಾ ಷರತ್ತಿನ ಯಾವ ಒಪ್ಪಂದವನ್ನೂ ಪೂರ್ತಿ ಪಠ್ಯ ಸದಸ್ಯರ ಕೈಸೇರಿ ಕನಿಷ್ಠ ಮೂರು ವಾರವಾಗದೆ, ಗುಪ್ತ ಮತ ಎಣಿಸದೆ ಪದಾಧಿಕಾರಿಗಳು ಒಪ್ಪುವಂತಿಲ್ಲ ಎಂದು ಒಂದು ಕಲಮು ಸೇರಿಸಿದರೆ ಸಾಕು. ಹಾಗೆ ಮಾಡಿದ ಸಂಘಕ್ಕೆ ಶೇ 51 ಸದಸ್ಯರನ್ನು ಸೇರಿಸುವುದೂ ಹಗುರಾದೀತು, ಏಕೆಂದರೆ ಮತವಿರುವ ಕಡೆ ಚಂದಾ ಕೊಡಲು ಜನ ಹಿಂದೆಗೆಯುವುದಿಲ್ಲ. ಏರ್ ಇಂಡಿಯಾದ ಎರಡು ಹಳೆಯ ಸಂಘಗಳು ಒಟ್ಟಾಗಿ ಈ ಕಲಮು ತಂದರೆ, ಮುಂದಿನ ಪ್ರಸ್ತಾವ ಬರುವ ಮುಂಚೆಯೇ ತಂದರೆ, ಉಳಿದ ಸಂಸ್ಥೆಗಳ ಪೈಲಟ್‌ಗಳಿಗೂ ಹಿಡಿದು ನಡೆಯಲು ಒಂದು ಮಾದರಿ ಸಿಗುತ್ತದೆ.